ಐತಿಹ್ಯದ ಪ್ರಾಮಾಣ್ಯವಿಚಾರ

ಮೊದಲು ನುಡಿದವನಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತು ಐತಿಹ್ಯವೆನಿಸುವುದು. ಆಲದಮರದಲ್ಲಿ ಯಕ್ಷನಿರುವನೆಂಬುದು ಇದಕ್ಕೆ ಶಾಸ್ತ್ರಕಾರರ ಉದಾಹರಣೆ. ಗೌತಮನು ಇದನ್ನು ಪ್ರತ್ಯೇಕ ಪ್ರಮಾಣವೆಂದೊಪ್ಪದೆ ಶಬ್ದದಲ್ಲಿಯೇ ಅಡಗಿಸಿದನು. ಶಬ್ದಕ್ಕಾದರೋ ಆಪ್ತನ ಉಪದೇಶವೇ ಜೀವ.

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನ ಕಥೆಯನ್ನು ಈ ನಿಕಷಕ್ಕೆ ಹಚ್ಚಿ ನೋಡಬಹುದು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ, ಅಲಮೇಲಮ್ಮನು ಕಾವೇರಿಗೆ ಬೀಳುತ್ತ, ತಲಕಾಡನ್ನು ಮರಳು ಮುಚ್ಚಲೆಂದೂ ಮಾಲಂಗಿಯಲ್ಲಿ ಮಡು ಬೀಳಲೆಂದೂ ಮೈಸೂರರಸರ ಸಂತತಿ ನಿಲ್ಲಲೆಂದೂ ಶಪಿಸಿದಳೆಂಬರು. ಮರಳು ಪ್ರತ್ಯಕ್ಷವೇ ಸರಿ; ಆದರೆ ನದಿಯು ಅಲ್ಲಿ ಬಾಗಿ ಹರಿಯುವುದರಿಂದ, ದಡದ ಮರಳನ್ನು ಗಾಳಿಯು ಊರೊಳಕ್ಕೆ ಒಯ್ಯಬಲ್ಲುದು. ದೃಷ್ಟಕಾರಣವಿರಲು ಅದೃಷ್ಟವನ್ನು ಕಲ್ಪಿಸುವುದು ಗೌರವದೋಷ. ಸಂತತಿಯ ಮಾತಂತೂ ವಂಶಾವಳಿಯ ಮುಂದೆ ನಿಲ್ಲದು: ಚಿಕ್ಕದೇವರಾಜರ ತರುವಾಯ ೧೭೦೪ರಲ್ಲಿ ಅವರ ಮಗನೂ, ೧೭೧೪ರಲ್ಲಿ ಆ ಮಗನ ಮಗನೂ ಪಟ್ಟವೇರಿದರು. ತಲೆಮಾರು ಬಿಟ್ಟು ತಲೆಮಾರಿಗೆ ಶಾಪ ತಟ್ಟುವುದೆಂಬ ತಿದ್ದುಪಡಿಯೂ ಇಲ್ಲಿ ಮುರಿಯುವುದು.

ನಂಜನಗೂಡಿನಲ್ಲಿ, ಆನೆಯ ಕಣ್ಣುಬೇನೆ ನಂಜುಂಡನಿಂದ ವಾಸಿಯಾಯಿತೆಂದು ಟಿಪ್ಪುವು ಪಚ್ಚೆಲಿಂಗವನ್ನು ಅರ್ಪಿಸಿದನೆಂದು ಹೇಳುವರು. ಆ ಲಿಂಗವು ಭಕ್ತಿಗೆ ಸಾಕ್ಷಿಯಾದೀತೇ ಹೊರತು ಚಿಕಿತ್ಸೆಗಲ್ಲ.

೧೯೬೧ರಲ್ಲಿ ಅನ್ಯಲೋಕದವರು ತಮ್ಮನ್ನು ಅಪಹರಿಸಿದರೆಂದ ಅಮೆರಿಕೆಯ ಹಿಲ್ ದಂಪತಿಗಳನ್ನು, ಅವರಿಗೆ ಸಂಮೋಹನಚಿಕಿತ್ಸೆ ಮಾಡಿದ ವೈದ್ಯ ಬೆಂಜಮಿನ್ ಸೈಮನ್ ಸುಳ್ಳುಗಾರರೆನ್ನಲಿಲ್ಲ, ಅಪಹರಣವನ್ನೂ ನಂಬಲಿಲ್ಲ. ಆಪ್ತನಾಗಲು ಸತ್ಯಸಂಧತೆಯೊಂದೇ ಸಾಲದು, ವಿಷಯದ ಸಾಕ್ಷಾತ್ಕಾರವೂ ಬೇಕು.

ಹಾಗೆಂದು ಅಲಮೇಲಮ್ಮನ ಕಥೆಯನ್ನು ಪಾಠದಿಂದ ಕಳೆಯಬೇಕಾದುದಿಲ್ಲ. ಶಾಪ ಫಲಿಸಿತೆಂಬುದಕ್ಕೆ ಅದು ಪ್ರಮಾಣವಲ್ಲ. ಗೆದ್ದವರ ರಾಜ್ಯದಲ್ಲಿಯೇ ಜನರು ಸೋತವಳ ಅಳಲನ್ನು ಉಳಿಸಿಕೊಂಡರೆಂಬುದಕ್ಕೆ ಪ್ರಮಾಣ. ಇವೆರಡನ್ನೂ ವಿದ್ಯಾರ್ಥಿಗೆ ಬಿಡಿಸಿ ಹೇಳುವುದು ಉಪಾಧ್ಯಾಯನ ಕರ್ತವ್ಯ.