ಮಾರಾಟದ ಬೆಲೆ, ಆಟಗಾರನ ಸಂಬಳ: ಆರ್ಥಿಕ ಮುಗ್ಗಟ್ಟಿನ ಕಾಲದ ಅಮೆರಿಕನ್ ಬೇಸ್‌ಬಾಲ್

1930ರ ದಶಕದ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಜೊತೆಜೊತೆಗೇ ನಡೆದವು. 1929ರಲ್ಲಿ ಸುಮಾರು 7,500 ಡಾಲರ್ ಇದ್ದ ಆಟಗಾರರ ಸರಾಸರಿ ಸಂಬಳ 1933ಕ್ಕೆ ಸುಮಾರು 6,000ಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ಒಂದು ಕ್ಲಬ್ ಮತ್ತೊಂದಕ್ಕೆ ಆಟಗಾರರನ್ನು ಮಾರುವ ಬೆಲೆ ಲಕ್ಷ ಡಾಲರ್ ಮುಟ್ಟಿತು. ಸಂಬಳ ಕಡಿತವೊಂದೇ ಆ ಕಾಲದ ಒಪ್ಪಂದದ ಜಗಳಗಳಿಗೆ ಕಾರಣವೆನ್ನಲಾಗದು. ಆ ನಾಲ್ಕು ವರ್ಷಗಳಲ್ಲಿ ದಿನಬಳಕೆಯ ಬೆಲೆಗಳೂ ಸುಮಾರು ಕಾಲುಭಾಗ ಕುಸಿದಿದ್ದವು. ಮಾರಾಟದ ಬೆಲೆಗೂ ಸಂಬಳಕ್ಕೂ ನಡುವಿನ ಅಂತರದಲ್ಲೇ ತಕರಾರಿನ ಬೇರಿದೆ ಎಂಬುದು ಈ ಲೇಖನದ ವಾದ.

ಷರತ್ತಿನ ಬಲ

ಈ ಅಂತರವನ್ನು ಸಾಧ್ಯವಾಗಿಸಿದ್ದು ಒಪ್ಪಂದಪತ್ರದ ‘ರಿಸರ್ವ್’ ಷರತ್ತು. ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ಕ್ಲಬ್ಬಿನದೇ ಆಗಿತ್ತು. ಕ್ಲಬ್ ಅವನನ್ನು ಮಾರಬಹುದಿತ್ತು, ಅವನು ತಾನಾಗಿ ಬೇರೆ ಕ್ಲಬ್ ಸೇರುವಂತಿರಲಿಲ್ಲ. ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 1922ರಲ್ಲೇ ತೀರ್ಪಿತ್ತಿತ್ತು. ಹೀಗಾಗಿ ಸಂಬಳ ಒಪ್ಪಿಗೆಯಾಗದ ಆಟಗಾರನಿಗೆ ಉಳಿದಿದ್ದ ಅಸ್ತ್ರ ಒಂದೇ: ಸಹಿ ಹಾಕದೆ ಮನೆಯಲ್ಲಿ ಕೂರುವುದು.

ಮಾರಿ ಉಳಿದ ಕ್ಲಬ್ಬುಗಳು

ಫಿಲಡೆಲ್ಫಿಯಾ ಅಥ್ಲೆಟಿಕ್ಸ್ 1929ರಿಂದ 1931ರವರೆಗೆ ಸತತ ಮೂರು ಬಾರಿ ಅಮೆರಿಕನ್ ಲೀಗ್ ಗೆದ್ದ ತಂಡ. ಪ್ರೇಕ್ಷಕರು ಕಡಿಮೆಯಾದರು, ಸಾಲ ಹೆಗಲೇರಿತು. ಪೆನ್ಸಿಲ್ವೇನಿಯಾದ ಹಳೆಯ ಕಾನೂನಿನಿಂದಾಗಿ 1934ರವರೆಗೆ ಭಾನುವಾರದ ಪಂದ್ಯಗಳ ಆದಾಯವೂ ಇರಲಿಲ್ಲ. ಒಡೆಯ ಹಾಗೂ ಮ್ಯಾನೇಜರ್ ಕಾನಿ ಮ್ಯಾಕ್ 1932ರಲ್ಲಿ ಆಲ್ ಸಿಮನ್ಸ್ ಸೇರಿ ಮೂವರನ್ನು ಷಿಕಾಗೊಗೆ ಮಾರಿದರು. 1933ರ ಡಿಸೆಂಬರಿನಲ್ಲಿ ಲೆಫ್ಟಿ ಗ್ರೋವ್ ಬಾಸ್ಟನ್‌ಗೂ ಮಿಕಿ ಕಾಕ್ರೇನ್ ಡೆಟ್ರಾಯಿಟ್‌ಗೂ ಹೋದರು. 1935ರ ಕೊನೆಗೆ ಜಿಮ್ಮಿ ಫಾಕ್ಸ್ ಸರದಿ. ತಂಡ ಆಗಲೇ ಲೀಗಿನ ತಳ ಸೇರಿತ್ತು.

ಗ್ರೋವ್‌, ಫಾಕ್ಸ್‌ ಇಬ್ಬರನ್ನೂ ಕೊಂಡವರು 1933ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಖರೀದಿಸಿದ್ದ ಸಿರಿವಂತ ಟಾಮ್ ಯಾಕೀ. 1934ರ ಅಕ್ಟೋಬರಿನಲ್ಲಿ ಅವರು ವಾಷಿಂಗ್ಟನ್ ತಂಡದ ಜೋ ಕ್ರೋನಿನ್‌ಗೆ ಎರಡು ಲಕ್ಷಕ್ಕೂ ಹೆಚ್ಚು ಡಾಲರ್ ಮತ್ತು ಒಬ್ಬ ಆಟಗಾರನನ್ನು ಕೊಟ್ಟರು. ಮಾರಿದ ವಾಷಿಂಗ್ಟನ್ ಒಡೆಯ ಕ್ಲಾರ್ಕ್ ಗ್ರಿಫಿತ್ ಅವರ ಪತ್ನಿಯ ಸೋದರನ ಮಗಳನ್ನು ಕ್ರೋನಿನ್ ಆಗಷ್ಟೇ ಮದುವೆಯಾಗಿದ್ದರು. ನಂಟಸ್ತಿಕೆಗಿಂತ ನಗದಿನ ಒತ್ತಡ ದೊಡ್ಡದಾಗಿತ್ತು.

ಸಹಿ ಹಾಕದವರು

1934ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪಿಚರ್ ಡಿಜ್ಜಿ ಡೀನ್‌ಗೆ ಸಂಬಳ 7,500 ಡಾಲರ್, ತಮ್ಮ ಪಾಲ್‌ಗೆ 3,000. ತಮ್ಮನಿಗೆ ಹೆಚ್ಚು ಕೊಡಬೇಕೆಂದು ಅಣ್ಣ ಪಟ್ಟು ಹಿಡಿದರು. ಆಗಸ್ಟಿನಲ್ಲಿ ಇಬ್ಬರೂ ಡೆಟ್ರಾಯಿಟ್‌ನ ಪ್ರದರ್ಶನ ಪಂದ್ಯಕ್ಕೆ ಹೋಗದಿದ್ದಾಗ ದಂಡ ಬಿತ್ತು. ಅದನ್ನು ಪ್ರತಿಭಟಿಸಿದ್ದಕ್ಕೆ ಅಮಾನತೂ ಆಯಿತು. ವಿಚಾರಣೆ ನಡೆಸಿದ ಬೇಸ್‌ಬಾಲ್ ಆಯುಕ್ತ ಕೆನೆಸಾ ಲ್ಯಾಂಡಿಸ್ ಕ್ಲಬ್ಬಿನ ಪರ ನಿಂತರು. ಅದೇ ವರ್ಷ ಡಿಜ್ಜಿ 30 ಪಂದ್ಯ ಗೆದ್ದರು, ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1938ರಲ್ಲಿ, ತೋಳಿನ ಕಸುವು ಕುಂದಿದ ಮೇಲೂ, ಅವರನ್ನು ಷಿಕಾಗೊ ಕಬ್ಸ್‌ಗೆ ಮಾರಿದ ಕ್ಲಬ್ಬಿಗೆ ದಕ್ಕಿದ್ದು 1,85,000 ಡಾಲರ್ ಮತ್ತು ಮೂವರು ಆಟಗಾರರು.

ಅದೇ 1938ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮ್ಯಾಜಿಯೊ 40,000 ಡಾಲರ್ ಕೇಳಿದರು. ಹಿಂದಿನ ವರ್ಷ ಅವರು 46 ಹೋಮ್‌ರನ್ ಹೊಡೆದಿದ್ದರು. ಒಡೆಯ ಜೇಕಬ್ ರುಪರ್ಟ್ 25,000ದಿಂದ ಕದಲಲಿಲ್ಲ. ಋತು ಆರಂಭವಾದ ಮೇಲೆ ಡಿಮ್ಯಾಜಿಯೊ ಮಣಿದರು. ಆಡದ ದಿನಗಳ ಸಂಬಳವೂ ಕಡಿತವಾಯಿತು. ಕೆಲಸವಿಲ್ಲದವರು ಲಕ್ಷಗಟ್ಟಲೆ ಇದ್ದ ದೇಶದಲ್ಲಿ ಪ್ರೇಕ್ಷಕರು ಅಣಕಿಸಿದ್ದು ಒಡೆಯನನ್ನಲ್ಲ, ಆಟಗಾರನನ್ನು.

ಷರತ್ತು ಇಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಟಾಮಿ ಹೆನ್ರಿಕ್ ಪ್ರಕರಣ ಒಳ್ಳೆಯ ಸಾಕ್ಷಿ. ಕ್ಲೀವ್‌ಲ್ಯಾಂಡ್ ಕ್ಲಬ್ ತನ್ನನ್ನು ಕೆಳ ಲೀಗುಗಳಲ್ಲೇ ಬಚ್ಚಿಟ್ಟಿದೆ ಎಂದು ಅವರು ಲ್ಯಾಂಡಿಸ್‌ಗೆ ದೂರಿತ್ತರು. 1937ರಲ್ಲಿ ಲ್ಯಾಂಡಿಸ್ ಅವರನ್ನು ಬಂಧಮುಕ್ತಗೊಳಿಸಿದರು. ಹಲವು ಕ್ಲಬ್ಬುಗಳು ಪೈಪೋಟಿಗಿಳಿದವು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ ಹೆನ್ರಿಕ್‌ಗೆ ಯಾಂಕೀಸ್ ಕೊಟ್ಟ ಬೋನಸ್ ಮತ್ತು ಸಂಬಳ ಸೇರಿ ಸುಮಾರು 25,000 ಡಾಲರ್.

ಉಪಸಂಹಾರ

ರಿಸರ್ವ್ ಷರತ್ತು ಆರ್ಥಿಕ ಮುಗ್ಗಟ್ಟಿನ ಕೂಸಲ್ಲ, ಅದಕ್ಕಿಂತ ಅರ್ಧ ಶತಮಾನ ಹಳೆಯದು. ಮುಗ್ಗಟ್ಟು ಮಾಡಿದ್ದು ಅದರ ಲೆಕ್ಕವನ್ನು ಬಯಲಿಗಿಟ್ಟದ್ದು. ಬಡ ಕ್ಲಬ್ಬುಗಳು ಉಳಿಯಲು ಆಟಗಾರರನ್ನು ಮಾರಿದಾಗ ಪ್ರತಿಯೊಬ್ಬನ ಮಾರುಕಟ್ಟೆ ಬೆಲೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಡೀನ್, ಡಿಮ್ಯಾಜಿಯೊ ಒಂಟಿಯಾಗಿ ಹೋರಾಡಿ ಸೋತರು. ಅವರ ಬೆನ್ನಿಗೆ ಸಂಘವಿರಲಿಲ್ಲ. 1975ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಆಟಗಾರರ ಪರ ತೀರ್ಪಿತ್ತು ಷರತ್ತನ್ನು ಮುರಿದಾಗ ಅವರ ವಾದವನ್ನು ಮಂಡಿಸಿದ್ದು ಆಟಗಾರರ ಸಂಘ. ಬೆಲೆ ಎಷ್ಟೆಂಬುದು 1930ರ ದಶಕದವರಿಗೂ ಗೊತ್ತಿತ್ತು. ಅದನ್ನು ಕೇಳಿ ಪಡೆಯುವ ಸಂಘಟಿತ ಬಲ ಒದಗಲು ಮತ್ತೆ ನಾಲ್ಕು ದಶಕ ಬೇಕಾಯಿತು.