ಬಿಲ್ಲುಗಾರನ ಅಳತೆ

ಹೊಸಪೇಟೆಯ ಬೀದಿಯಲ್ಲಿ ನಿಂತು ‘ಡ್ರೈವರ್’ ಎಂದು ಕೂಗಿದರೆ ಅದಿರು ಲಾರಿಯ ಕಿಟಕಿಯಿಂದ ಒಂದು ತಲೆ ಹೊರಗೆ ಬಂದೀತು. ಆದರೆ ಸಂಡೂರಿನ ಗಣಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ನನ್ನ ಗೆಳೆಯರ ಬಾಯಲ್ಲಿ ಆ ಮಾತಿಗೆ ಬೇರೆಯ ಅರ್ಥ. ಗಾಲ್ಫ್ ಆಟದಲ್ಲಿ ಚೆಂಡನ್ನು ಎಲ್ಲಕ್ಕಿಂತ ದೂರಕ್ಕೆ ಅಟ್ಟುವ ಉದ್ದನೆಯ ದಾಂಡಿಗೆ ಆ ಹೆಸರು. ಬೆಂಗಳೂರಿನಲ್ಲಿರುವ ಮಗ ಅವರಿಗೆ ಅಂಥದೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದ. ಆರು ತಿಂಗಳಲ್ಲಿ ಮೊಣಕೈ ನೋವು ಬಂತೇ ಹೊರತು ಚೆಂಡು ಹೇಳಿದ ಮಾತು ಕೇಳಲಿಲ್ಲ.

“ವಯಸ್ಸಾಯಿತು ಮೇಷ್ಟ್ರೆ, ತೋಳಿನಲ್ಲಿ ಕಸುವಿಲ್ಲ. ಆಟ ಬಿಟ್ಟುಬಿಡುತ್ತೇನೆ” ಎಂದರು.

ಆ ದಿನ ನಾವಿಬ್ಬರೂ ಹಂಪೆಯ ಹಜಾರರಾಮ ದೇವಾಲಯದ ಗೋಡೆಯ ಮುಂದೆ ನಿಂತಿದ್ದೆವು. ಶ್ರೀರಾಮನು ಏಳು ಸಾಲವೃಕ್ಷಗಳನ್ನು ಒಂದೇ ಬಾಣದಿಂದ ಭೇದಿಸುವ ಶಿಲ್ಪ ಅಲ್ಲಿದೆ. ಕಿಷ್ಕಿಂಧೆ ಇದೇ ನೆಲವೆಂದು ನಂಬಿದ ಜನರಿಗೆ ಅದು ಊರಿನದೇ ಕಥೆ. ವಾಲ್ಮೀಕಿಯಲ್ಲಿ ರಾಮನು ಮೊದಲು ದುಂದುಭಿಯ ಅಸ್ಥಿಪಂಜರವನ್ನು ಕಾಲ್ಬೆರಳಿನಿಂದ ಹತ್ತು ಯೋಜನ ದೂರಕ್ಕೆ ಎಸೆಯುತ್ತಾನೆ. ಸುಗ್ರೀವನಿಗೆ ತೃಪ್ತಿಯಿಲ್ಲ, ವಾಲಿ ಎಸೆದಾಗ ಅದು ಹಸಿಯಾಗಿತ್ತು, ಈಗ ಒಣಗಿ ಹಗುರವಾಗಿದೆ ಎಂಬುದು ಅವನ ತಕರಾರು. ಬರಿಯ ದೂರ ಪ್ರಮಾಣವಾಗಲಿಲ್ಲ, ಗುರಿಯೂ ಬೇಕಾಯಿತು.

ಗುರಿ ತಪ್ಪಿದ ಚೆಂಡಿನ ಕಥೆಯೂ ಇಲ್ಲಿಗೆ ಸಮೀಪದ್ದೇ. ನಂಜುಂಡ ಕವಿಯ ಕಾವ್ಯದಲ್ಲಿ ಕಂಪಿಲಿಯ ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಹೋದವನ ಮೇಲೆ ಅವಳ ಮೋಹ, ಆಮೇಲೆ ಸುಳ್ಳು ದೂರು, ತಂದೆಯಿಂದ ಮರಣದಂಡನೆ. ಮಂತ್ರಿ ಬೈಚಪ್ಪನ ಜಾಣ್ಮೆಯಿಂದ ತಲೆ ಉಳಿಯಿತು. ಇತಿಹಾಸದ ಕಂಪಿಲಿ 1327ರಲ್ಲಿ ದೆಹಲಿಯ ಸೇನೆಗೆ ಬಲಿಯಾಯಿತು. ನಾವು ಇಂದಿಗೂ ಆ ವೀರನ ತೋಳ್ಬಲವನ್ನೇ ಹಾಡುತ್ತೇವೆ. ಹೆಚ್ಚು ಬಿಗಿಯಾದ ಬಿಲ್ಲು ಹಿಡಿದವನೇ ಹೆಚ್ಚಿನ ಶೂರ ಎಂಬುದು ನಮ್ಮ ಎಣಿಕೆ.

ಬಿಲ್ವಿದ್ಯೆಯನ್ನು ಬಲ್ಲವರು ಹಾಗೆ ಹೇಳಲಿಲ್ಲ. ಬಿಲ್ಲು ಬಿಲ್ಲುಗಾರನ ಶಕ್ತಿಗಿಂತ ತುಸು ಕಡಿಮೆಯದೇ ಇರಬೇಕು, ಬಿಲ್ಲಿನಿಂದಲೇ ಪೀಡಿತನಾದವನಿಗೆ ಗುರಿ ಕಾಣುವುದಿಲ್ಲ ಎಂಬುದು ಧನುರ್ವೇದ ಸಂಹಿತೆಯ ಅಭಿಪ್ರಾಯ. ಇದನ್ನು ಗೆಳೆಯರಿಗೆ ಹೇಳಿದೆ. ಅವರು ಮೊಣಕೈ ನೀವಿಕೊಳ್ಳುತ್ತ ಸುಮ್ಮನಾದರು.

ಬಿಲ್ಲಿಗೂ ಗಾಲ್ಫಿಗೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ 1502ರಲ್ಲಿ ಗಾಲ್ಫ್ ದಾಂಡುಗಳನ್ನು ಕೊಂಡದ್ದು ಪರ್ತ್ ಊರಿನ ಬಿಲ್ಲು ಮಾಡುವವನಿಂದ. 1603ರಲ್ಲಿ ಆರನೆಯ ಜೇಮ್ಸ್ ದೊರೆ ರಾಜರ ದಾಂಡು ತಯಾರಕನನ್ನಾಗಿ ನೇಮಿಸಿದ ವಿಲಿಯಂ ಮೇನ್ ಕೂಡ ಎಡಿನ್‌ಬರೋದ ಬಿಲ್ಲು ಕಸುಬಿನವನೇ. ಮರದ ಬಾಗು, ಬಳುಕು, ತೂಕಗಳನ್ನು ಬಲ್ಲ ಕೈ ಅದು. ಮುಂದೆ ಕಾರ್ಖಾನೆಗಳು ಬಂದವು. 1929ರಲ್ಲಿ ಸೇಂಟ್ ಆಂಡ್ರೂಸಿನ ಹಿರಿಯ ಸಂಸ್ಥೆಯೂ ಉಕ್ಕಿನ ಹಿಡಿಕೋಲಿಗೆ ಒಪ್ಪಿಗೆ ಕೊಟ್ಟಿತು. ಒಂದೇ ಅಚ್ಚಿನ ದಾಂಡುಗಳು ಸಾವಿರಗಟ್ಟಲೆ ಅಂಗಡಿಗೆ ಬಂದು, ಆಟಗಾರನೇ ದಾಂಡಿಗೆ ಹೊಂದಿಕೊಳ್ಳಬೇಕಾಯಿತು.

ಈಗ ಕಾಲಚಕ್ರ ಮತ್ತೆ ತಿರುಗಿದೆ. ದರ್ಜಿ ಅಂಗಿಗೆ ಅಳತೆ ತೆಗೆದಂತೆ ಆಟಗಾರನಿಗೆ ಅಳತೆ ತೆಗೆಯುತ್ತಾರೆ. ಗೆಳೆಯರೂ ಕೊನೆಗೆ ಮಗನ ಒತ್ತಾಯಕ್ಕೆ ಬೆಂಗಳೂರಿಗೆ ಹೋಗಿಬಂದರು. 1876ರಿಂದಲೇ ಗಾಲ್ಫ್ ಕ್ಲಬ್ಬಿರುವ ಊರಲ್ಲವೆ ಅದು! ಬೀಸಿನ ವೇಗ, ಚೆಂಡು ಮೇಲೇಳುವ ಕೋನ, ಅದರ ಗಿರಕಿ ಇವನ್ನೆಲ್ಲ ಯಂತ್ರ ಲೆಕ್ಕ ಹಾಕಿತಂತೆ. ಅವರ ದಾಂಡು 46 ಅಂಗುಲ. ಕೋಲು ಉದ್ದವಾದಷ್ಟೂ ಚೆಂಡನ್ನು ಮುಖದ ನಡುವಿಗೆ ತಾಗಿಸುವುದು ಕಷ್ಟ. ಮುಖದ ಓರೆ 9 ಡಿಗ್ರಿ. ನಿಧಾನವಾಗಿ ಬೀಸುವವರ ಚೆಂಡು ಅದರಿಂದ ಸಾಕಷ್ಟು ಮೇಲೇಳದೆ ಬೇಗ ನೆಲ ಸೇರುತ್ತದೆ. ಹಿಡಿಕೋಲು ಯುವಕರಿಗೆ ತಕ್ಕ ಬಿರುಸಿನದು. ಅದರ ಬದಲು 44½ ಅಂಗುಲದ, 12 ಡಿಗ್ರಿ ಓರೆಯ, ಹೆಚ್ಚು ಬಳುಕುವ ದಾಂಡು ಕೊಟ್ಟರು.

“ಸಣ್ಣದಾದ ದಾಂಡು, ದೂರ ಹೋಗುವ ಚೆಂಡು! ಇದು ಯಾವ ನ್ಯಾಯ ಮೇಷ್ಟ್ರೆ?” ಎಂದು ಕಳೆದ ವಾರ ನಕ್ಕರು. ನಡುವಿಗೆ ತಾಗಿದ ಪೆಟ್ಟು ಬಲವನ್ನು ಪೋಲು ಮಾಡುವುದಿಲ್ಲ, ಅಷ್ಟೇ ಅದರ ರಹಸ್ಯ. ಅವರು ಜಗಜಟ್ಟಿಯೇನೂ ಆಗಿಲ್ಲ. ಹತ್ತರಲ್ಲಿ ಮೂರು ಚೆಂಡು ಈಗಲೂ ಪೊದೆ ಹುಡುಕಿಕೊಂಡು ಹೋಗುತ್ತವೆ. ಆದರೆ ಮೊಣಕೈ ನೋವಿಲ್ಲ, ಆಟ ಬಿಡುವ ಮಾತೂ ಇಲ್ಲ.

ನನಗೆ ಉಳಿದದ್ದು ಬೇರೊಂದು ಯೋಚನೆ. ತಮ್ಮ ಅಳತೆಯದಲ್ಲದ ಕೋಲನ್ನು ಹಿಡಿದು, ಗುರಿ ತಪ್ಪಿದಾಗ ತಮ್ಮ ತೋಳನ್ನೇ ಶಪಿಸಿಕೊಳ್ಳುವವರು ಎಷ್ಟು ಮಂದಿಯೋ! ತರಗತಿಯಲ್ಲಿ ಎಲ್ಲ ಹುಡುಗರ ಕೈಗೂ ಒಂದೇ ಬಿಲ್ಲು ಕೊಡುತ್ತ ಬಂದಿರುವ ಮೇಷ್ಟ್ರು ಇದನ್ನು ಕೇಳುವ ಮೊದಲು ತನ್ನನ್ನೇ ಕೇಳಿಕೊಳ್ಳಬೇಕು.