ತಂತಿಗೆ ಕಾಯ್ದೆ, ಸಂಸ್ಥೆಗೆ ಬರೀ ಆದೇಶ: ಭಾರತದ ಗುಪ್ತಚರ ವ್ಯವಸ್ಥೆ ಮತ್ತು ನಾಗರಿಕ ಹಕ್ಕುಗಳ ಕಾವಲು

ಇಂಟೆಲಿಜೆನ್ಸ್ ಬ್ಯೂರೊ ಯಾವ ಕಾಯ್ದೆಯ ಆಧಾರದ ಮೇಲೆ ನಿಂತಿದೆ ಎಂಬ ಪ್ರಶ್ನೆಯನ್ನು ಕರ್ನಾಟಕ ಹೈಕೋರ್ಟಿಗೆ ಒಯ್ದವರು ಅದೇ ಸಂಸ್ಥೆಯಲ್ಲಿ ದುಡಿದು ನಿವೃತ್ತರಾಗಿದ್ದ ಮೈಸೂರಿನ ಆರ್.ಎನ್. ಕುಲಕರ್ಣಿ. ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಕೇಂದ್ರ ಸರ್ಕಾರ ಕೊಟ್ಟ ಉತ್ತರ ನಮ್ಮ ಆಡಳಿತ ಚರಿತ್ರೆಯ ವಿಚಿತ್ರ ದಾಖಲೆಗಳಲ್ಲಿ ಒಂದು: 1887ರ ಡಿಸೆಂಬರ್ 23ರಂದು ಲಂಡನ್ನಿನಲ್ಲಿದ್ದ ಭಾರತ ಮಂತ್ರಿಯ ಆದೇಶದಿಂದ ಇದರ ಮೂಲರೂಪ ಹುಟ್ಟಿತು, ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಇದರ ಉಲ್ಲೇಖವಿದೆ. ಸಂಸತ್ತು ಮಾಡಿದ ಕಾಯ್ದೆಯೊಂದನ್ನು ತೋರಿಸಲು ಆಗಲಿಲ್ಲ. 1968ರ ಸೆಪ್ಟೆಂಬರಿನಲ್ಲಿ ಬ್ಯೂರೊದಿಂದ ಬೇರೆಯಾದ ಹೊರದೇಶಗಳ ಗುಪ್ತಚರ ಸಂಸ್ಥೆ 'ರಾ' ಕೂಡ ಆಡಳಿತಾತ್ಮಕ ಆದೇಶದ ಕೂಸೇ. ಇದಕ್ಕೆ ಪ್ರತಿಯಾಗಿ ಟೆಲಿಗ್ರಾಫ್ ಕಾಯ್ದೆಯನ್ನು ನೋಡಿ. ಅದು 1885ರದು, ಬ್ಯೂರೊಗಿಂತ ಎರಡು ವರ್ಷ ಹಿರಿಯದು. ತಂತಿ ಸಂದೇಶವನ್ನು ಯಾವಾಗ ತಡೆಯಬಹುದು ಎಂದು ಹೇಳುವ ಕಾನೂನು ಇತ್ತು. ಆ ಸಂದೇಶವನ್ನು ಓದಿ ಕಡತ ಕಟ್ಟುವವರ ಅಧಿಕಾರ ಎಷ್ಟು ಎಂದು ಹೇಳುವ ಕಾನೂನು ಇರಲಿಲ್ಲ. ಸ್ವತಂತ್ರ ಭಾರತ ನಾಗರಿಕ ಹಕ್ಕುಗಳ ರಕ್ಷಣೆಗೆಂದು ಮುಂದೆ ಮಾಡಿದ್ದೆಲ್ಲವೂ ಈ ವಸಾಹತು ಕಾಲದ ಅಳತೆಯನ್ನೇ ಹಿಡಿದು ನಡೆಯಿತು, ಆ ರಕ್ಷಣೆ ಸೊರಗಿದ್ದೂ ಅದರಿಂದಲೇ ಎಂಬುದು ಈ ಲೇಖನದ ವಾದ.

ಸಂವಿಧಾನ ರಚನಾ ಸಭೆಗೆ ಈ ಅಪಾಯ ಹೊಳೆಯದೆ ಇರಲಿಲ್ಲ. ಕೇಂದ್ರಪಟ್ಟಿಯಲ್ಲಿ ಗುಪ್ತಚರ ಮತ್ತು ತನಿಖಾ ಬ್ಯೂರೊ ಎಂಬ ನಮೂದು 1949ರ ಆಗಸ್ಟ್ 29ರಂದು ಚರ್ಚೆಗೆ ಬಂದಾಗ, 'ತನಿಖೆ' ಎಂದರೆ ರಾಜ್ಯಗಳ ಪೊಲೀಸರ ಕೆಲಸದಲ್ಲಿ ಕೇಂದ್ರ ಕೈಹಾಕಿದಂತಾಗುವುದಿಲ್ಲವೇ ಎಂದು ನಜೀರುದ್ದೀನ್ ಅಹ್ಮದ್ ಆಕ್ಷೇಪಿಸಿದರು. ದೇಶದಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೊಳ್ಳುವ ಸಾಮಾನ್ಯ ವಿಚಾರಣೆ ಮಾತ್ರ ಇದರ ಅರ್ಥ, ಅಪರಾಧದ ತನಿಖೆ ದಂಡ ಪ್ರಕ್ರಿಯಾ ಸಂಹಿತೆಯಂತೆ ಪೊಲೀಸ್ ಅಧಿಕಾರಿಗೇ ಸೇರಿದ್ದು ಎಂದು ಅಂಬೇಡ್ಕರ್ ಸಮಾಧಾನ ಹೇಳಿದರು. ಆದರೆ ಅನುಸೂಚಿಯ ನಮೂದು ಸಂಸತ್ತಿಗೆ ಕಾಯ್ದೆ ಮಾಡುವ ಅಧಿಕಾರ ಕೊಡುತ್ತದೆಯೇ ಹೊರತು ತಾನೇ ಕಾಯ್ದೆಯಾಗುವುದಿಲ್ಲ. ಆ ಅಧಿಕಾರವನ್ನು ಸಂಸತ್ತು ಬಳಸಿದ್ದು ಒಂದು ವಿಚಿತ್ರ ದಿಕ್ಕಿನಲ್ಲಿ. ಗುಪ್ತಚರ ಸಂಸ್ಥೆಗಳ ಹೆಸರು ಹೊತ್ತ 1985ರ ಕಾಯ್ದೆ ನಿರ್ಬಂಧಿಸಿದ್ದು ಸಂಸ್ಥೆಗಳನ್ನಲ್ಲ, ಅಲ್ಲಿನ ನೌಕರರ ಹಕ್ಕುಗಳನ್ನು: ಅವರು ಸಂಘ ಕಟ್ಟಬಾರದು, ಪತ್ರಿಕೆಗಳೊಡನೆ ಮಾತಾಡಬಾರದು.

ಸಂಸ್ಥೆಯನ್ನು ಬಿಟ್ಟು ತಂತಿಯನ್ನು ಕಾಯುವ ಪದ್ಧತಿಯ ಫಲವನ್ನು ಕರ್ನಾಟಕ ಹತ್ತಿರದಿಂದ ಕಂಡಿದೆ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಬಿಸಿಗೆ. ಮೂರು ದಶಕಗಳ ಬಳಿಕ, 2019ರಲ್ಲಿ, ಹಿಂದಿನ ಸಮ್ಮಿಶ್ರ ಸರ್ಕಾರದ ಅವಧಿಯ ಕದ್ದಾಲಿಕೆಯ ಆರೋಪವನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು. ಇವೆರಡರ ನಡುವೆ, 1996ರ ಡಿಸೆಂಬರಿನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಕದ್ದಾಲಿಕೆ ಮೊಕದ್ದಮೆಯ ತೀರ್ಪು ಬಂದಿತ್ತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದು ಎರಡು ತಿಂಗಳಷ್ಟೇ ಊರ್ಜಿತ, ಎಷ್ಟು ಎಳೆದರೂ ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ಇರಬೇಕು ಎಂದು ಸುಪ್ರೀಂ ಕೋರ್ಟು ವಿಧಿಸಿತು. ಕದ್ದು ಕೇಳುವ ಮುನ್ನ ನ್ಯಾಯಾಧೀಶರ ಒಪ್ಪಿಗೆ ಬೇಕು ಎಂಬ ಬೇಡಿಕೆಯನ್ನು ಮಾತ್ರ, ಕಾಯ್ದೆಯಲ್ಲಿ ಅಂಥ ಅವಕಾಶವಿಲ್ಲವೆಂದು, ಒಪ್ಪಲಿಲ್ಲ. ಈ ತೀರ್ಪಿನಲ್ಲಿ ನಾವು ಹೆಚ್ಚು ಗಮನಿಸಬೇಕಾದ ಭಾಗ ಇದೇ ಎಂದು ನನಗನ್ನಿಸುತ್ತದೆ: ಶಾಸಕಾಂಗ ಬಿಟ್ಟ ಜಾಗವನ್ನು ಕೋರ್ಟು ಸ್ವಲ್ಪ ದೂರ ತುಂಬಬಲ್ಲದು, ಪೂರ್ತಿ ತುಂಬಲಾರದು. ಕೋರ್ಟಿನ ಸೂಚನೆಗಳು ನಿಯಮದ ರೂಪ ತಾಳಲು 2007ರವರೆಗೆ ಕಾಯಬೇಕಾಯಿತು. ಪರಿಶೀಲನಾ ಸಮಿತಿಯ ಪಾಡನ್ನು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ದಾಖಲಿಸಿತು. ಎರಡು ತಿಂಗಳಿಗೊಮ್ಮೆ ಸೇರುತ್ತಿದ್ದ ಅದರ ಪ್ರತಿ ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಬರುತ್ತಿದ್ದವು. ಸಭೆ ಆರು ತಾಸು ನಡೆಯಿತೆಂದೇ ಇಟ್ಟುಕೊಂಡರೂ ನಿಮಿಷಕ್ಕೆ ನಲವತ್ತಕ್ಕೂ ಹೆಚ್ಚು. ಇದನ್ನು ಪರಿಶೀಲನೆ ಎಂದು ಕರೆಯುವುದು ಹೇಗೆ? ಸಮಿತಿಯಲ್ಲಿರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಅಪ್ಪಣೆ ಕೊಟ್ಟ ಕಾರ್ಯಾಂಗವೇ ಆ ಅಪ್ಪಣೆ ಸರಿಯೇ ಎಂದು ನೋಡುತ್ತದೆ.

ಕುಲಕರ್ಣಿಯವರ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಬರುವ ಗಟ್ಟಿಯಾದ ಆಕ್ಷೇಪ ಇದು: ಬ್ಯೂರೊಗೆ ಬಂಧಿಸುವ, ಶೋಧಿಸುವ ಅಧಿಕಾರವೇ ಇಲ್ಲ, ಅದು ಸುದ್ದಿ ಕೂಡಿಸುವ ನಾಗರಿಕ ಸಂಸ್ಥೆ, ಯಾರ ಹಕ್ಕನ್ನೂ ನೇರವಾಗಿ ಕಸಿಯದ ಸಂಸ್ಥೆಗೆ ಕಾಯ್ದೆ ಯಾಕೆ? 2017ರ ಆಗಸ್ಟ್ 24ರವರೆಗೆ ಈ ಮಾತಿಗೆ ಬಲವಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಅಂದು ಸಾರಿತು. ಅದಕ್ಕೆ ಕೈಹಾಕಲು ಮೊದಲು ಕಾಯ್ದೆ ಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಅಳತೆ ಮೀರಬಾರದು. ಒಬ್ಬನ ಬಗ್ಗೆ ವರ್ಷಗಟ್ಟಲೆ ಸದ್ದಿಲ್ಲದೆ ಮಾಹಿತಿ ಕಲೆಹಾಕುವುದೇ ಈಗ ಹಕ್ಕಿನೊಳಗೆ ಕಾಲಿಟ್ಟಂತೆ, ಬೇಡಿ ತೊಡಿಸುವವರೆಗೆ ಕಾಯಬೇಕಿಲ್ಲ.

ಮೇಲ್ವಿಚಾರಣೆ ಬಂದರೆ ಗುಪ್ತಚರರ ಕೈಕಾಲು ಕಟ್ಟಿದಂತೆ, ದೇಶದ ಭದ್ರತೆಗೆ ಧಕ್ಕೆ ಎಂಬುದು ಎರಡನೆಯ ಆಕ್ಷೇಪ. ಹಾಗಾದರೆ ಯಾರಿಗೂ ಉತ್ತರ ಹೇಳಬೇಕಿಲ್ಲದ ವ್ಯವಸ್ಥೆ ಎಷ್ಟು ಚುರುಕಾಗಿತ್ತು? 1948ರ ಜನವರಿ 20ರಂದು ದಿಲ್ಲಿಯ ಬಿರ್ಲಾ ಭವನದಲ್ಲಿ ಬಾಂಬು ಸಿಡಿಸಿದ ಮದನಲಾಲ್ ಪಾಹ್ವಾ ಅಲ್ಲೇ ಸಿಕ್ಕಿಬಿದ್ದ. ಅವನ ಹೇಳಿಕೆಯಲ್ಲಿ ಮರಾಠಿ ಪತ್ರಿಕೆಯೊಂದರ ಸಂಪಾದಕನ ಸುಳಿವಿತ್ತು. ಆ ಪತ್ರಿಕೆಯನ್ನೂ ಆ ಸಂಪಾದಕನನ್ನೂ ಬಲ್ಲ ಪೊಲೀಸರು ಪುಣೆಯಲ್ಲಿದ್ದರು. ಪುಣೆಯ ಸಿಐಡಿ ಮುಖ್ಯಸ್ಥ ರಾಣಾ ಆಗ ದಿಲ್ಲಿಯಲ್ಲೇ ಇದ್ದರೂ ವಿಮಾನ ಬಿಟ್ಟು ಅಲಾಹಾಬಾದಿನ ಸುತ್ತುದಾರಿಯ ರೈಲು ಹಿಡಿದು ಮುಂಬೈಗೆ ಹೊರಟರು. ಬ್ಯೂರೊದ ನಿರ್ದೇಶಕರಾಗಿದ್ದ ಸಂಜೀವಿಯವರೇ ದಿಲ್ಲಿ ಪೊಲೀಸಿನ ಮುಖ್ಯಸ್ಥರೂ ಆಗಿದ್ದರು, ಅಂದರೆ ಅಧಿಕಾರಕ್ಕೆ ಕೊರತೆ ಇರಲಿಲ್ಲ. ಹತ್ತು ದಿನಗಳಲ್ಲಿ ಗಾಂಧೀಜಿಯ ಕೊಲೆಯಾಯಿತು. ಯಾರು, ಎಲ್ಲಿ ಎಡವಿದರು ಎಂದು ಕೇಳುವ ಕಪೂರ್ ಆಯೋಗ ರಚನೆಯಾಗಿದ್ದು 1966ರಲ್ಲಿ, ಅದರ ವರದಿ ಬಂದದ್ದು 1969ರಲ್ಲಿ. ಕೇಳುವವರಿಲ್ಲದ ಕಡೆ ತಪ್ಪಿನಿಂದ ಕಲಿಯುವುದೂ ಇಪ್ಪತ್ತು ವರ್ಷ ತಡವಾಗುತ್ತದೆ.

ಹೊರದೇಶಗಳ ಅನುಭವವೂ ಈ ಭಯವನ್ನು ಪುಷ್ಟೀಕರಿಸುವುದಿಲ್ಲ. 1909ರಿಂದ ಕಾಯ್ದೆಯಿಲ್ಲದೆ ನಡೆದ ಬ್ರಿಟನ್ನಿನ ಎಂಐ5, 1989ರಲ್ಲಿ ಕಾಯ್ದೆಯೊಳಗೆ ಬಂತು, ಸಂಸ್ಥೆ ಕುಸಿಯಲಿಲ್ಲ. ಕೆನಡಾದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಫೆಡರಲ್ ಪೊಲೀಸರ ಭದ್ರತಾ ವಿಭಾಗ 1972ರಲ್ಲಿ ಕ್ವಿಬೆಕ್‌ನಲ್ಲಿ ಕೊಟ್ಟಿಗೆಯೊಂದಕ್ಕೆ ಬೆಂಕಿ ಹಚ್ಚುವವರೆಗೆ ಹೋಗಿತ್ತು. ಮೆಕ್‌ಡೊನಾಲ್ಡ್ ಆಯೋಗದ ವಿಚಾರಣೆಯ ಬಳಿಕ 1984ರಲ್ಲಿ ಆ ಕೆಲಸವನ್ನು ಪೊಲೀಸರಿಂದ ಕಿತ್ತು ಹೊಸ ನಾಗರಿಕ ಸಂಸ್ಥೆಗೆ ಒಪ್ಪಿಸಿದರು. ಅದರ ವ್ಯಾಪ್ತಿಯನ್ನು ಕಾಯ್ದೆಯಲ್ಲೇ ಬರೆದರು, ಫೆಡರಲ್ ಕೋರ್ಟಿನ ವಾರಂಟನ್ನು ಕಡ್ಡಾಯ ಮಾಡಿದರು, ಹೊರಗಿನ ಪರಿಶೀಲನಾ ಸಮಿತಿಯನ್ನು ನೇಮಿಸಿದರು. ಸಂಸ್ಥೆಯ ಹುಟ್ಟು, ಅದರ ಎಲ್ಲೆ, ಅದರ ಕಾವಲು ಮೂರೂ ಒಂದೇ ಕಾಯ್ದೆಯಲ್ಲಿ ಬಂದವು.

ಕಾಯ್ದೆಯ ದಾರಿ ನಿಧಾನ, ಭಯೋತ್ಪಾದಕರು ಸಂಸತ್ತಿಗಾಗಿ ಕಾಯುವುದಿಲ್ಲ ಎಂಬ ಕೊನೆಯ ಆಕ್ಷೇಪಕ್ಕೆ ನಮ್ಮ ಚರಿತ್ರೆಯೇ ಸ್ಪಷ್ಟ ಉತ್ತರ ಕೊಟ್ಟಿದೆ. 2008ರ ನವೆಂಬರಿನ ಮುಂಬೈ ದಾಳಿಯ ನಂತರ ಎರಡು ಸಂಸ್ಥೆಗಳ ಯೋಜನೆ ಮೊಳೆಯಿತು. ರಾಷ್ಟ್ರೀಯ ತನಿಖಾ ಸಂಸ್ಥೆಯ ಮಸೂದೆ ಡಿಸೆಂಬರ್ 16ರಂದು ಮಂಡನೆಯಾಗಿ ಅದೇ ವಾರ ಎರಡೂ ಸದನಗಳನ್ನು ದಾಟಿ, ವರ್ಷದ ಕೊನೆಯ ದಿನ ಕಾಯ್ದೆಯಾಯಿತು. ರಾಷ್ಟ್ರೀಯ ಭಯೋತ್ಪಾದನೆ ನಿಗ್ರಹ ಕೇಂದ್ರವನ್ನು ಗೃಹ ಸಚಿವಾಲಯ 2012ರ ಫೆಬ್ರುವರಿ 3ರಂದು ಒಂದು ಆದೇಶದಿಂದ ಹುಟ್ಟಿಸಿತು, ಅದೂ ಬ್ಯೂರೊದ ಒಳಗೆ, ಬಂಧನ ಮತ್ತು ಶೋಧದ ಅಧಿಕಾರ ಸಹಿತ. 1949ರಲ್ಲಿ ಅಂಬೇಡ್ಕರ್ ಎಳೆದಿದ್ದ ಗೆರೆ ಅಲ್ಲಿಗೆ ಅಳಿಸಿಹೋಯಿತು. ನವೀನ್ ಪಟ್ನಾಯಕ್, ಮಮತಾ ಬ್ಯಾನರ್ಜಿ, ಜಯಲಲಿತಾ, ನರೇಂದ್ರ ಮೋದಿ ಹೀಗೆ ಬೇರೆ ಬೇರೆ ಪಕ್ಷಗಳ ಮುಖ್ಯಮಂತ್ರಿಗಳು ತಿರುಗಿಬಿದ್ದರು. ಮಾರ್ಚ್ 1ರಂದು ಶುರುವಾಗಬೇಕಿದ್ದ ಕೇಂದ್ರ ಶುರುವಾಗಲೇ ಇಲ್ಲ. ಅವಸರದ ಕಾಯ್ದೆಯಲ್ಲಿ ಹಕ್ಕುಗಳ ಕಾವಲು ತೆಳುವಾಗಿರಬಹುದು, ತನಿಖಾ ಸಂಸ್ಥೆಯ ಕಾಯ್ದೆಯ ಮೇಲೂ ಆ ಟೀಕೆಯಿದೆ. ಆದರೂ ಅದನ್ನು ಓದಿ, ಪ್ರಶ್ನಿಸಿ, ತಿದ್ದಿಸಲು ಒಂದು ಪಠ್ಯವಾದರೂ ಇರುತ್ತದೆ. ಮನೀಶ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಬ್ಯೂರೊ ಮತ್ತು 'ರಾ'ಗೆ ಅಂಥ ಪಠ್ಯವನ್ನು ಕೊಡಹೊರಟು ಕಾಯ್ದೆಯಾಗದೆ ಉಳಿಯಿತು. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರಿನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದಿವೆ. ಪರಿಶೀಲನಾ ಸಮಿತಿಯಲ್ಲಿ ಈಗಲೂ ಕೂರುವವರು ಕಾರ್ಯದರ್ಶಿಗಳೇ.